ಮಾಯೆಯೂ ಕಮಲತೆಯೂ

ಶಿವಮೊಗ್ಗದ ಹಳೆಯ ಜೈಲು ಸೋಗಾನೆಗೆ ಹೋದ ಮೇಲೆ ಆ ಜಾಗ ಫ್ರೀಡಂ ಪಾರ್ಕ್ ಆಯಿತು. 2024ರ ಜನವರಿಯಲ್ಲಿ ಯುವನಿಧಿ ಯೋಜನೆ ಶುರುವಾದದ್ದು ಅಲ್ಲಿಯೇ. ಈಗ ಕಾರ್ಯಕ್ರಮಗಳ ಆಹ್ವಾನಪತ್ರಿಕೆಯಲ್ಲಿ ಅದು ಅಲ್ಲಮಪ್ರಭು ಮೈದಾನ. ಕೈದಿಗಳನ್ನು ಹಿಡಿದಿಟ್ಟಿದ್ದ ಜಾಗಕ್ಕೆ ಯಾರ ಹಿಡಿತಕ್ಕೂ ಸಿಗದವನ ಹೆಸರು! ಹೆಸರಿಟ್ಟವರು ಇಷ್ಟು ದೂರ ಯೋಚಿಸಿರಲಾರರು. ವಚನಕಾರ ಅಲ್ಲಮ ನಮ್ಮ ಜಿಲ್ಲೆಯ ಬಳ್ಳಿಗಾವಿಯವನು ಎಂಬ ಅಭಿಮಾನವೊಂದೇ ಸಾಕಾಗಿರಬೇಕು. ಆದರೆ ಮೈದಾನಕ್ಕೆ ಬಂದವನು ಯಾವ ಅಲ್ಲಮ ಎಂದು ಕೇಳಬೇಕಾಗಿದೆ. ಕನ್ನಡದಲ್ಲಿ ಅವನು ಒಬ್ಬನಲ್ಲ, ಇಬ್ಬರು. ಜನಕ್ಕೆ ಗೊತ್ತಿರುವವನು ಚಾಮರಸನ ಅಲ್ಲಮ. ನನಗೆ ನಂಬಿಕೆ ಇರುವುದು ಹರಿಹರನ ಅಲ್ಲಮನ ಮೇಲೆ.

ಹದಿನೈದನೆಯ ಶತಮಾನದ ಚಾಮರಸ 'ಪ್ರಭುಲಿಂಗಲೀಲೆ'ಯಲ್ಲಿ ಕಥೆಯನ್ನು ಕೈಲಾಸದ ಪಂತದಿಂದ ಆರಂಭಿಸುತ್ತಾನೆ. ಅಲ್ಲಮನನ್ನು ಮಾಯೆ ಮರುಳು ಮಾಡಲಾರಳು ಎನ್ನುತ್ತಾನೆ ಶಿವ. ಪಾರ್ವತಿ ಒಪ್ಪದೆ ತನ್ನ ತಾಮಸ ಕಳೆಯನ್ನೇ ಬನವಾಸಿಯ ಅರಸು ಮಮಕಾರನ ಮಗಳಾಗಿ ಹುಟ್ಟಿಸುತ್ತಾಳೆ. ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಸೋಲುತ್ತಾಳೆ. ತಬ್ಬಿಕೊಳ್ಳಲು ಹೋದರೆ ಅವನು ಕೈಗೇ ಸಿಗುವುದಿಲ್ಲ. ಕಾವ್ಯ ಸೊಗಸಾಗಿದೆ, ಭಾಮಿನಿ ಷಟ್ಪದಿಯ ಓಟವಂತೂ ಕೇಳಲೇಬೇಡಿ. ಆದರೆ ಶಿವನೇ ಪಂತ ಕಟ್ಟಿದ ಮೇಲೆ ಗೆಲ್ಲುವವರು ಯಾರೆಂಬ ಕುತೂಹಲ ಎಲ್ಲಿ ಉಳಿಯಿತು? ತಬ್ಬಿದರೂ ಸಿಗದ ದೇಹವುಳ್ಳವನಿಗೆ ಆಮಿಷ ಆಮಿಷವೇ ಅಲ್ಲ. ಹಸಿವೇ ಇಲ್ಲದವನ ಉಪವಾಸವನ್ನು ವ್ರತವೆಂದು ಮೆಚ್ಚಿಕೊಳ್ಳುವುದು ಹೇಗೆ?

ಚಾಮರಸನಿಗಿಂತ ಬಹಳ ಹಿಂದಿನವನಾದ ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮ ಒಲಿಯುತ್ತಾನೆ, ಅರೆಮನಸ್ಸಿನಿಂದಲ್ಲ, ಪೂರಾ. ಕಮಲತೆಯೊಡನೆ ಬೇರೇನೂ ಬೇಡವೆನ್ನುವಂತೆ ಬಾಳುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ. ಶಾಪವಿಲ್ಲ, ಮೋಸವಿಲ್ಲ, ಬರಿಯ ಜ್ವರ. ದುಃಖದಲ್ಲಿ ಮಂಕು ಬಡಿದು ತೋಟವೊಂದರಲ್ಲಿ ಕುಳಿತವನು ಉಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನೊಳಗೆ ಹೊನ್ನ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಗುಡಿ, ಒಳಗೆ ಅನಿಮಿಷಯ್ಯನೆಂಬ ಯೋಗಿ, ಅವನ ಕೈಯಲ್ಲಿ ಲಿಂಗ. ಆ ಉಗುರನ್ನು ನಾನು ಬಿಟ್ಟುಕೊಡಲಾರೆ. ತಪಸ್ಸಿಗೆ ಕೂತವನ ಧ್ಯಾನದಿಂದಲ್ಲ, ಹೆಂಡತಿ ಸತ್ತವನ ನಿರುದ್ದೇಶದ ಕೆರೆತದಿಂದ ದೇವರು ಸಿಕ್ಕನೆಂದು ಬರೆಯಲು ಹರಿಹರನಂಥ ಶಿವಭಕ್ತನಿಗೇ ಧೈರ್ಯ ಬೇಕಿತ್ತು. ಅಲ್ಲಮ ಲಿಂಗ ಹುಡುಕಿಕೊಂಡು ಹೊರಟವನಲ್ಲ. ಪ್ರೀತಿಸುವುದು ಹೇಗೆಂದು ಮಾತ್ರ ಅವನಿಗೆ ಮೊದಲೇ ಗೊತ್ತಿತ್ತು.

ಹಾಗಾದರೆ ಮೋಹಕ್ಕೆ ಬಿದ್ದೇ ದೇವರ ಬಳಿ ಹೋಗಬೇಕೆ ಎಂಬ ಆಕ್ಷೇಪ ಬರುತ್ತದೆ. ಬೇಕಿಲ್ಲ. ಉಡುತಡಿಯ ಮಹಾದೇವಿ ಆ ದಾರಿ ಹಿಡಿದವಳಲ್ಲ. ಅವಳ ವಿಷಯದಲ್ಲೂ ಈ ಇಬ್ಬರು ಕವಿಗಳು ಬೇರೆಯಾಗುತ್ತಾರೆ: ಚಾಮರಸನಲ್ಲಿ ಅರಸ ಕೌಶಿಕನೊಡನೆ ಅವಳ ಮದುವೆಯೇ ಆಗುವುದಿಲ್ಲ, ಹರಿಹರನಲ್ಲಿ ಷರತ್ತಿನ ಮೇಲೆ ಆಗುತ್ತದೆ, ಅರಸ ಮಾತು ಮುರಿದಾಗ ಅವಳು ಅರಮನೆ ಬಿಡುತ್ತಾಳೆ. ಎರಡರಲ್ಲೂ ಅವಳು ಒಲವನ್ನು ಬಿಟ್ಟವಳಲ್ಲ. ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಹಟ ಹಿಡಿದವಳು. ಆಸೆಯನ್ನು ಕೊಂದರೆ ಆನಂದ ಬರುತ್ತದೆಂಬ ಉಪದೇಶ ಅವಳ ಬದುಕಿಗೆ ಹೊಂದುವುದೇ ಇಲ್ಲ.

ಆಸೆಯನ್ನು ಕೊಲ್ಲದೆ ಅದನ್ನೇ ಬೇರೊಂದಾಗಿಸುವುದು ಹೇಗೆಂದು ಹೇಳಲು ಇಲ್ಲಿ ಭದ್ರಾವತಿಯ ಕಡೆ ತಿರುಗದೆ ವಿಧಿಯಿಲ್ಲ. 1923ರಲ್ಲಿ ಕೆಲಸ ಶುರು ಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೊದಲ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಸೌದೆಯ ಇದ್ದಿಲಿನಿಂದ. ಸೌದೆಯನ್ನು ಬಯಲಲ್ಲಿ ಸುಟ್ಟರೆ ಬೂದಿ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲು. ಅದರ ಕಾವಿಗೆ ಕೆಮ್ಮಣ್ಣುಗುಂಡಿಯ ಅದಿರು ಕರಗುತ್ತಿತ್ತು. ಸೌದೆಯಿಂದ ಎದ್ದ ಆವಿಯನ್ನೂ ಬಿಡದೆ ಹಿಡಿದು ಡಾಂಬರು, ಮರದ ಮದ್ಯಸಾರ ಎಲ್ಲವನ್ನೂ ಇಳಿಸಿಕೊಳ್ಳುತ್ತಿದ್ದರು. ಮರ ಅದೇ, ಬೆಂಕಿಯೂ ಅದೇ. ಅಲ್ಲಮನಿಗೆ ಆದದ್ದೂ ಇಂಥದ್ದೇ ಎಂದು ನನ್ನ ವಾದ. ಕಮಲತೆಯ ಮೇಲಿದ್ದ ಒಲವು ಉರಿದು ಬೂದಿಯಾಗಿದ್ದರೆ ಬಳ್ಳಿಗಾವಿಯಲ್ಲಿ ಒಬ್ಬ ವಿಧುರ ಉಳಿಯುತ್ತಿದ್ದ, ಅಷ್ಟೆ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಮಲತೆ ಬದುಕಿದ್ದರೆ? ಆಗ ಅಲ್ಲಮ ಮದ್ದಳೆ ಬಾರಿಸಿಕೊಂಡು ಸುಖವಾಗಿರುತ್ತಿದ್ದ. ದೇವರೆಂಬುದು ಕಳೆದುಕೊಂಡವರು ಕಟ್ಟಿಕೊಂಡ ಸಮಾಧಾನ, ಅದನ್ನು ಆನಂದವೆಂದು ಕರೆಯುವುದು ಆತ್ಮವಂಚನೆ ಎನ್ನುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಆದರೆ ಸಮಾಧಾನ ಸಿಕ್ಕವನು ಒಂದು ಕಡೆ ಕೂರುತ್ತಾನೆ. ಅಲ್ಲಮ ಕೂರಲಿಲ್ಲ. ಶರಣರ ಕಥನಗಳಲ್ಲಿ ಅವನು ಕಾಣುವುದು ಅಲೆಯುವವನಾಗಿಯೇ: ತೋಟ ಅಗೆಯುತ್ತಿದ್ದ ಗೊಗ್ಗಯ್ಯನ ಬಳಿ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿ, ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿದ್ದ ಮುಕ್ತಾಯಕ್ಕನ ಬಳಿ. ಹೋದಲ್ಲೆಲ್ಲ ಇದ್ದ ಸಮಾಧಾನವನ್ನೇ ಕೆದಕುತ್ತಾನೆ. ಸಾಂತ್ವನಕ್ಕೆ ದೇವರನ್ನು ಹಿಡಿದವನು ಇನ್ನೊಬ್ಬರ ಸಾಂತ್ವನವನ್ನು ಹೀಗೆ ಕೆಡಿಸುತ್ತಾ ತಿರುಗುವುದಿಲ್ಲ. ಅವನಿಗೆ ಸಿಕ್ಕದ್ದು ನೋವಿನ ಮದ್ದಿಗಿಂತ ದೊಡ್ಡದಾಗಿತ್ತು, ಹಂಚದೆ ಇರಲಾಗದಷ್ಟು.

ಚಾಮರಸನನ್ನು ನಾನು ಬೇಡವೆನ್ನುತ್ತಿಲ್ಲ. ಗಮಕಿಗಳು ಅವನನ್ನು ಹಾಡಲಿ, ಜನ ಕೇಳಲಿ. ಆದರೆ ಆಸೆಗಳನ್ನು ಗೆದ್ದವರಷ್ಟೇ ದೇವರಿಗೆ ಲಾಯಕ್ಕು ಎಂದು ಹಿಂಜರಿಯುವವರು ಹರಿಹರನ 'ಪ್ರಭುದೇವರ ರಗಳೆ'ಯನ್ನೂ ಒಮ್ಮೆ ಕೈಗೆತ್ತಿಕೊಳ್ಳಬೇಕು. ದೊಡ್ಡ ಪುಸ್ತಕವೇನಲ್ಲ, ಒಂದು ಸಂಜೆಗೆ ಮುಗಿಯುತ್ತದೆ.