ಕೈಗೆ ಕಟ್ಟಿದ ಪಿಸ್ತೂಲು

ನ್ಯೂಯಾರ್ಕಿನ ಒಂದು ತಾರಸಿಯ ಮೇಲೆ ಒಬ್ಬನನ್ನು ಸರಪಳಿಯಿಂದ ಬಿಗಿಯಲಾಗಿದೆ. ಅವನ ಕೈಗೆ ಟೇಪು ಸುತ್ತಿ ಪಿಸ್ತೂಲೊಂದನ್ನು ಕಟ್ಟಲಾಗಿದೆ. ಬಿಗಿದವನು ಅಲ್ಲೇ ನಿಂತು, ತಾನು ಕೊಲ್ಲಲಿರುವ ಮಾಫಿಯಾ ಮನುಷ್ಯನತ್ತ ಗುರಿಯಿಟ್ಟು, ತಣ್ಣಗೆ ಲೆಕ್ಕ ಒಪ್ಪಿಸುತ್ತಾನೆ. ಆ ಸಾವನ್ನು ತಪ್ಪಿಸಬೇಕೆಂದರೆ ಕೈಯಲ್ಲಿರುವ ಪಿಸ್ತೂಲಿನಿಂದ ನನ್ನನ್ನು ಕೊಲ್ಲು. ಸುಮ್ಮನಿದ್ದರೆ ಅವನು ಸಾಯುತ್ತಾನೆ, ಆ ಸಾವಿನಲ್ಲಿ ನಿನಗೂ ಪಾಲಿದೆ.

ಸರಪಳಿಯಲ್ಲಿರುವವನು ಡೇರ್‌ಡೆವಿಲ್. ಹಗಲಲ್ಲಿ ಅವನು ಹೆಲ್ಸ್ ಕಿಚನ್ನಿನ ಕುರುಡ ವಕೀಲ ಮ್ಯಾಟ್ ಮರ್ಡಾಕ್. ಕ್ಯಾಥೊಲಿಕ್ ಶ್ರದ್ಧಾಳು, ಯಾರನ್ನೂ ಕೊಲ್ಲುವುದಿಲ್ಲವೆಂಬ ವ್ರತ ಹಿಡಿದವನು. ಬಿಗಿದವನು ಪನಿಷರ್, ಅಂದರೆ ಫ್ರಾಂಕ್ ಕ್ಯಾಸಲ್. ಇದು 2000ರಲ್ಲಿ ಗಾರ್ತ್ ಎನಿಸ್ ಬರೆದು ಸ್ಟೀವ್ ಡಿಲನ್ ಚಿತ್ರ ಬರೆದ ಪನಿಷರ್ ಸರಣಿಯ ಮೂರನೇ ಸಂಚಿಕೆ. ಕೊನೆಯ ಗಳಿಗೆಯಲ್ಲಿ ಡೇರ್‌ಡೆವಿಲ್ ಟ್ರಿಗರ್ ಎಳೆದೇಬಿಡುತ್ತಾನೆ. ಟಕ್ ಎಂಬ ಸದ್ದು, ಅಷ್ಟೇ. ಫ್ರಾಂಕ್ ಪಿಸ್ತೂಲಿನ ಫೈರಿಂಗ್ ಪಿನ್ ಅನ್ನು ಮೊದಲೇ ತೆಗೆದಿಟ್ಟಿದ್ದ. ಗುಂಡು ಹಾರಲಿಲ್ಲ, ಆದರೆ ಬೆರಳು ಏನು ಮಾಡಿತೆಂಬುದು ಇಬ್ಬರಿಗೂ ಗೊತ್ತು.

ಹದಿನಾರು ವರ್ಷಗಳ ನಂತರ ಇದೇ ತಾರಸಿ ಪರದೆಗೆ ಬಂತು. ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟದ್ದು 2016ರ ಜನವರಿಯಲ್ಲಿ. 'ಡೇರ್‌ಡೆವಿಲ್' ಎರಡನೇ ಸೀಸನ್ ಬಂದದ್ದು ಅದೇ ಮಾರ್ಚ್‌ನಲ್ಲಿ. ಹಾಗಾಗಿ ಈ ದೇಶದ ಎಷ್ಟೋ ಜನರಿಗೆ ಪನಿಷರ್‌ನ ಮೊದಲ ಪರಿಚಯವಾದದ್ದು ಈ ಸೀಸನ್ನಿನ ಮೂರನೇ ಕಂತಿನ ತಾರಸಿಯ ಮೇಲೆಯೇ. ಚಾರ್ಲಿ ಕಾಕ್ಸ್ ಸರಪಳಿಯಲ್ಲಿ, ಜಾನ್ ಬರ್ನ್‌ಥಾಲ್ ಎದುರಿಗೆ. ಮಾತು ಕಾಮಿಕ್ಸ್‌ಗಿಂತ ಉದ್ದವಾಗಿದೆ, ಸಾವಧಾನವಾಗಿದೆ. ಕರಾವಳಿಯ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರ ರುಚಿ ಕೂಡಲೇ ಸಿಗುತ್ತದೆ: ಕುಣಿತವಿಲ್ಲ, ಯುದ್ಧವಿಲ್ಲ, ಇಬ್ಬರು ಅರ್ಥಧಾರಿಗಳು ಒಂದೇ ಪ್ರಶ್ನೆಯನ್ನು ಎರಡೂ ಕಡೆಯಿಂದ ಎಳೆಯುತ್ತಾರೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವಂತೆ ಫ್ರಾಂಕ್ ಕೇಳುತ್ತಾನೆ. ನೀನು ಹೊಡೆದು ಜೈಲಿಗೆ ಕಳಿಸಿದವರು ಹೊರಗೆ ಬಂದು ಮತ್ತೆ ಕೊಂದರೆ, ಆ ಹೆಣಗಳ ಲೆಕ್ಕ ಯಾರದು?

ಆದರೆ ಕೊನೆ ಬದಲಾಗಿದೆ. ಇಲ್ಲಿ ಪಿಸ್ತೂಲಿನಲ್ಲಿ ನಿಜವಾದ ಗುಂಡಿದೆ. ಸಾಯಲಿರುವವನು ಗ್ರಾಟೊ, ಮ್ಯಾಟ್‌ನದೇ ಕಕ್ಷಿದಾರ. ಡೇರ್‌ಡೆವಿಲ್ ಆ ಗುಂಡನ್ನು ಫ್ರಾಂಕ್‌ನತ್ತ ಹಾರಿಸದೆ ತನ್ನ ಸರಪಳಿಗೆ ಹೊಡೆದು ಬಿಡಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಫ್ರಾಂಕ್ ಗ್ರಾಟೊನನ್ನು ಕೊಂದಿರುತ್ತಾನೆ. ನಂತರ ಒಂದು ಕೈಗೆ ಸರಪಳಿ, ಇನ್ನೊಂದು ಕೈಗೆ ಖಾಲಿ ಪಿಸ್ತೂಲು ಅಂಟಿಸಿಕೊಂಡೇ ಡೇರ್‌ಡೆವಿಲ್ ಬೈಕ್ ಗ್ಯಾಂಗೊಂದನ್ನು ಹೊಡೆಯುತ್ತ ಮೆಟ್ಟಿಲಿಳಿಯುವ ಬಹುಪ್ರಸಿದ್ಧ ಹೊಡೆದಾಟ. ನೋಡಲು ಅದ್ಭುತ. ಆದರೂ ಎನಿಸ್ ಪುಟದಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಜಾರಿಹೋಯಿತು. ಕಾಮಿಕ್ಸ್ ನಾಯಕನ ಕೈಯಿಂದಲೇ ಟ್ರಿಗರ್ ಎಳೆಸಿತು. ಪರದೆ ಅವನಿಗೆ ಮೂರನೆಯ ದಾರಿಯೊಂದನ್ನು ಹುಡುಕಿಕೊಟ್ಟಿತು. ಟೀವಿ ನಾಯಕನ ಮುಂದೆ ಇನ್ನೂ ಎಷ್ಟೋ ಕಂತುಗಳಿರುತ್ತವೆ, ಅವನ ಕೈ ಚೊಕ್ಕವಾಗಿರಲೇಬೇಕು.

ಈ ಬಗೆಯ ಪಾತ್ರಕ್ಕೆ ಕನ್ನಡದಲ್ಲಿ ಏನೆನ್ನುವುದು? ಆಂಟಿಹೀರೋ ಎಂದರೆ ಎಲ್ಲರಿಗೂ ತಿಳಿಯುತ್ತದೆ. ವಿಮರ್ಶಕರು 'ಪ್ರತಿನಾಯಕ' ಎನ್ನುತ್ತಾರೆ. ತಕರಾರೆಂದರೆ ಕಾವ್ಯಮೀಮಾಂಸೆಯಲ್ಲಿ ಪ್ರತಿನಾಯಕ ಎಂದರೆ ನಾಯಕನ ಎದುರಾಳಿ. ರಾವಣ, ದುರ್ಯೋಧನರ ಸಾಲಿನವನು. ಫ್ರಾಂಕ್ ಕ್ಯಾಸಲ್ ರಾವಣನಲ್ಲ, ಅವನು ಕೊಲ್ಲುವವರು ರಾವಣರು. ಆದರೆ 'ಪ್ರತಿ' ಎಂಬ ಉಪಸರ್ಗಕ್ಕೆ ಎರಡು ಮುಖ. ಪ್ರತಿಪಕ್ಷ, ಪ್ರತಿವಾದಿ ಎನ್ನುವಾಗ ಅದು ಎದುರು ನಿಲ್ಲುತ್ತದೆ. ಪ್ರತಿಬಿಂಬ, ಪ್ರತಿಧ್ವನಿ ಎನ್ನುವಾಗ ಮೂಲವನ್ನೇ ಮರಳಿಸುತ್ತದೆ. ಈ ಎರಡನೇ ಮುಖ ಹಿಡಿದರೆ ಪ್ರತಿನಾಯಕ ಎಂಬ ಹೆಸರು ಫ್ರಾಂಕ್‌ಗೆ ಚೆನ್ನಾಗಿಯೇ ಒಪ್ಪುತ್ತದೆ. ಒಂದು ಷರತ್ತು: ಕನ್ನಡಿ ಇದ್ದರೆ ಸಾಲದು, ಎದುರಿಗೆ ಮುಖವೂ ಇರಬೇಕು. ನಾಯಕನಿಲ್ಲದ ಕಥೆಯಲ್ಲಿ ಪ್ರತಿನಾಯಕ ಏನಾಗುತ್ತಾನೆ ಎಂಬುದಕ್ಕೆ ಹಾಲಿವುಡ್ ಮೂರು ಸಿನಿಮಾ ಖರ್ಚು ಮಾಡಿದೆ.

(ಪನಿಷರ್ ಎಂಬ ಹೆಸರಿಗೂ ಕನ್ನಡ ಹುಡುಕುವುದು ಮಜಾ. 'ದಂಡನಾಯಕ' ಎಂದರೆ ನಾಲಿಗೆಗೆ ಹಿತ, ಅರ್ಥ ಮಾತ್ರ ಸೇನಾಪತಿ. 'ದಂಡಧರ' ಎಂದರೆ ಯಮ. ಇದು ಹೊಂದುತ್ತದೆ, ಆದರೆ ಯಮನಿಗೆ ಮೇಲಿನಿಂದ ನೇಮಕಾತಿ ಇದೆ, ಚಿತ್ರಗುಪ್ತನ ಕಡತವಿದೆ. ಫ್ರಾಂಕ್‌ಗೆ ಎರಡೂ ಇಲ್ಲ. ಆಡುಮಾತಿನಲ್ಲಿ 'ದಂಡ' ಅಂದರೆ ವ್ಯರ್ಥ ಎಂಬ ಅರ್ಥವೂ ಇರುವುದನ್ನು ಅವನ ವೈರಿಗಳು ಗಮನಿಸಬಹುದು.)

ಹುಟ್ಟಿನಿಂದಲೂ ಪನಿಷರ್ ಬೇರೆಯವರ ಮನೆಗೆ ಬಂದ ಅತಿಥಿ. ಅವನು ಮೊದಲು ಕಾಣಿಸಿಕೊಂಡದ್ದು 1974ರ ಫೆಬ್ರವರಿ ದಿನಾಂಕದ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 129ನೇ ಸಂಚಿಕೆಯಲ್ಲಿ. ಬರೆದವರು ಗೆರ್ರಿ ಕಾನ್ವೇ, ಚಿತ್ರ ರಾಸ್ ಆಂಡ್ರು ಅವರದು. ಕಾನ್ವೇ ಗೀಚಿದ ಮೊದಲ ನಕ್ಷೆಯಲ್ಲಿ ಎದೆಯ ಒಂದು ಬದಿಗೆ ಸಣ್ಣ ತಲೆಬುರುಡೆ ಇತ್ತು. ಅದನ್ನು ಎದೆ ತುಂಬ ಹಬ್ಬಿಸಿ, ಬುರುಡೆಯ ಹಲ್ಲುಗಳನ್ನೇ ಸೊಂಟದ ಗುಂಡಿನ ಪಟ್ಟಿಯಾಗಿ ಮಾಡಿದವರು ಜಾನ್ ರೊಮಿಟಾ. ಇಂದ್ರಜಾಲ ಕಾಮಿಕ್ಸ್ ಓದಿದವರಿಗೆ ಫ್ಯಾಂಟಮ್‌ನ ಉಂಗುರದ ಬುರುಡೆ ನೆನಪಿರುತ್ತದೆ. ಅದು ಕೆಟ್ಟವನ ದವಡೆಯ ಮೇಲೆ ಗುರುತು ಬಿಡುತ್ತಿತ್ತು, ಅವನು ಬದುಕಿರುತ್ತಿದ್ದ. ಆ ಮೊದಲ ಕಥೆಯಲ್ಲಿ ಪನಿಷರ್ ಸ್ಪೈಡರ್‌ಮ್ಯಾನ್‌ನನ್ನು ಕೊಲೆಗಾರನೆಂದು ನಂಬಿ ಬೇಟೆಯಾಡುತ್ತಾನೆ, ಮತ್ತು ಅವನ ನಂಬಿಕೆ ತಪ್ಪಾಗಿರುತ್ತದೆ. ಯಾರೋ ಅವನನ್ನು ಬಳಸಿಕೊಂಡಿರುತ್ತಾರೆ. ಗುರಿ ತಪ್ಪದವನು ಗುರುತು ತಪ್ಪಿದ ಕಥೆಯಿಂದಲೇ ಆರಂಭವಾದ ಪಾತ್ರ ಇದು, ಮುಂದೆ ಅವನ ಅಭಿಮಾನಿಗಳು ಪೂರ್ತಿ ಮರೆತ ಸಂಗತಿಯೂ ಇದೇ.

ವಿಯೆಟ್ನಾಂ ಯುದ್ಧದ ಸೈನಿಕ, ಸೆಂಟ್ರಲ್ ಪಾರ್ಕಿನಲ್ಲಿ ಹೆಂಡತಿ ಮಕ್ಕಳನ್ನು ಮಾಫಿಯಾ ಗುಂಡಿಗೆ ಕಳೆದುಕೊಂಡವನು ಎಂಬ ಹಿನ್ನೆಲೆ ಆಮೇಲೆ ಸೇರಿತು. ಸ್ವಂತ ಮನೆ ಸಿಗಲು 1986ರವರೆಗೆ ಕಾಯಬೇಕಾಯಿತು. ಒಮ್ಮೆ ಸಿಕ್ಕ ಮೇಲೆ ತೊಂಬತ್ತರ ದಶಕದ ಆರಂಭಕ್ಕೆ ಅವನ ಹೆಸರಿನ ಮಾಸಿಕಗಳೇ ಮೂರು ನಡೆಯುತ್ತಿದ್ದವು.

ಆ ಭರಾಟೆಯಲ್ಲೇ 1994ರಲ್ಲಿ ಅವನು ಎಲ್ಲೆಲ್ಲಿಗೋ ಅತಿಥಿಯಾಗಿ ಹೋದ. ಹೌದು, ಆರ್ಚಿಯ ರಿವರ್‌ಡೇಲ್‌ಗೂ. ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಆರ್ಚಿ ಡೈಜೆಸ್ಟ್ ಕೊಂಡವರಿಗೆ ಇದು ಕುಚೇಷ್ಟೆ ಎನಿಸಬಹುದು. ನಿಜಕ್ಕೂ ಎರಡು ಕಂಪನಿಗಳು ಕೂಡಿ ತಂದ ಪುಸ್ತಕ. ಆರ್ಚಿಯ ತದ್ರೂಪಿಯಾದ ಅಪರಾಧಿಯೊಬ್ಬನನ್ನು ಹಿಂಬಾಲಿಸಿ ಫ್ರಾಂಕ್ ಆ ಊರಿಗೆ ಬರುತ್ತಾನೆ. ರಿವರ್‌ಡೇಲಿನವರನ್ನು ಸ್ಟ್ಯಾನ್ ಗೋಲ್ಡ್‌ಬರ್ಗ್ ತಮ್ಮ ಗುಂಡು ಗೆರೆಗಳಲ್ಲೂ ಪನಿಷರ್‌ನನ್ನು ಜಾನ್ ಬುಸೆಮಾ ತಮ್ಮ ಕಪ್ಪು ನೆರಳುಗಳಲ್ಲೂ ಬರೆದರು, ಒಂದೇ ಪುಟದಲ್ಲಿ. ನಗು ಬರುತ್ತದೆ. ಆದರೆ ಐಸ್‌ಕ್ರೀಂ ಸೋಡಾದ ಆ ಊರಿನಲ್ಲಿ ಫ್ರಾಂಕ್ ಎಷ್ಟು ವಿಚಿತ್ರ ಪ್ರಾಣಿಯಾಗಿ ಕಾಣುತ್ತಾನೆಂದರೆ, ಅವನನ್ನು ಗಂಭೀರವಾಗಿ ಚಿತ್ರಿಸಿದ ನೂರು ಪುಸ್ತಕಗಳಲ್ಲಿ ಅದು ಕಂಡಿರಲಿಲ್ಲ. ಅದೇ ವರ್ಷ ಬ್ಯಾಟ್‌ಮನ್ ಜೊತೆಗೂ ಎರಡು ಭೇಟಿ. ರೊಮಿಟಾ ಅವರ ಮಗನೇ ಚಿತ್ರ ಬರೆದ ಎರಡನೆಯದರಲ್ಲಿ ಫ್ರಾಂಕ್ ಜೋಕರ್‌ನತ್ತ ಕೋವಿ ಹಿಡಿಯುತ್ತಾನೆ, ಬ್ಯಾಟ್‌ಮನ್ ತಡೆಯುತ್ತಾನೆ. ಜೋಕರ್ ಇನ್ನೂ ಎಷ್ಟು ಜನರನ್ನು ಕೊಲ್ಲಲಿದ್ದಾನೆಂಬುದು ಓದುಗರಿಗೆಲ್ಲ ಗೊತ್ತು. ತಡೆದ ಕೈಯನ್ನು ಮೆಚ್ಚಬೇಕೋ ಶಪಿಸಬೇಕೋ ಎಂದು ಒದ್ದಾಡುವ ಆ ಕ್ಷಣ ಬ್ಯಾಟ್‌ಮನ್‌ನ ಸ್ವಂತ ಪುಸ್ತಕದಲ್ಲಿ ಇಷ್ಟು ಹರಿತವಾಗಿ ಬರುವುದು ಕಷ್ಟ.

ಸಿನಿಮಾಗಳಿಗೆ ಈ ಎದುರುಬದುರಿನ ಭಾಗ್ಯ ಇರಲಿಲ್ಲ. 1989ರ ಡಾಲ್ಫ್ ಲುಂಡ್‌ಗ್ರೆನ್ ಚಿತ್ರದಲ್ಲಿ ಎದೆಯ ಬುರುಡೆ ಕೂಡ ಇಲ್ಲ. 2004ರದು ಹೆಚ್ಚು ಕುತೂಹಲದ್ದು. ಥಾಮಸ್ ಜೇನ್ ನಾಯಕ, ಕಥೆ ನ್ಯೂಯಾರ್ಕಿನಿಂದ ಫ್ಲಾರಿಡಾದ ಟ್ಯಾಂಪಾಕ್ಕೆ ವರ್ಗವಾಗಿದೆ. ಈ ಚಿತ್ರ ಎನಿಸ್ ಅವರ ಅದೇ ಸರಣಿಯಿಂದ ಫ್ರಾಂಕ್‌ನ ನೆರೆಹೊರೆಯವರನ್ನು ತೆಗೆದುಕೊಂಡಿತು, ರಷ್ಯನ್ ಎಂಬ ದೈತ್ಯನನ್ನೂ ಅವನ ಪಟ್ಟೆ ಬನಿಯನ್ನಿನ ಸಮೇತ ತೆಗೆದುಕೊಂಡಿತು, ತಾರಸಿಯನ್ನು ಮಾತ್ರ ಬಿಟ್ಟಿತು. ಡೇರ್‌ಡೆವಿಲ್ ಆಗ ಬೇರೆ ಮನೆಯವನು. ಹಿಂದಿನ ವರ್ಷವಷ್ಟೇ ಫಾಕ್ಸ್ ಕಂಪನಿ ಬೆನ್ ಆಫ್ಲೆಕ್‌ನನ್ನು ಹಾಕಿಕೊಂಡು ಅವನ ಸಿನಿಮಾ ತೆಗೆದಿತ್ತು. ಹೀಗೆ ಪ್ರಶ್ನೆ ಕೇಳುವವನಿಲ್ಲದ ಪನಿಷರ್ ಉಳಿದ. ಖಳನೊಬ್ಬ ಸಂಸಾರ ಕೊಂದ, ನಾಯಕ ಖಳನನ್ನು ಕೊಂದ. ಎಂಬತ್ತರ ದಶಕದ ಯಾವ ಭಾರತೀಯ ಸೇಡಿನ ಚಿತ್ರಕ್ಕಾದರೂ ಈ ಕಥೆ ಸಲ್ಲುತ್ತದೆ, ಅಲ್ಲಿ ಹಾಡುಗಳಾದರೂ ಇರುತ್ತಿದ್ದವು. 2008ರ 'ವಾರ್ ಜೋನ್' ರಕ್ತವನ್ನು ಇನ್ನಷ್ಟು ಹರಿಸಿತು, ಥಿಯೇಟರಿನಲ್ಲಿ ನೆಲಕಚ್ಚಿತು.

ಹಕ್ಕುಗಳು ಮಾರ್ವೆಲ್ ಕೈಗೆ ಮರಳಿದ ಮೇಲೆ ಇಬ್ಬರೂ ಒಂದೇ ಚೌಕಟ್ಟಿಗೆ ಬಂದರು. 2016ರ ಆ ಸೀಸನ್ನಿನಲ್ಲಿ ತಾರಸಿಯ ಪ್ರಶ್ನೆಗೆ ಸುಲಭದ ದಾರಿ ಸಿಕ್ಕಿದ್ದರೂ ಮುಂದಿನ ಕಂತುಗಳು ಆ ಸಾಲವನ್ನು ಒಂದಿಷ್ಟು ತೀರಿಸುತ್ತವೆ. ಸ್ಮಶಾನದಲ್ಲಿ ರಕ್ತ ಸುರಿಸುತ್ತ ಕುಳಿತ ಫ್ರಾಂಕ್ ಮಗಳ ನೆನಪು ಹೇಳಿಕೊಳ್ಳುವಾಗ ಕೇಳುತ್ತ ಕುಳಿತವನು ಡೇರ್‌ಡೆವಿಲ್. ಮುಂದೆ ಮರ್ಡಾಕ್ ಮತ್ತು ಅವನ ಗೆಳೆಯ ಕೋರ್ಟಿನಲ್ಲಿ ಫ್ರಾಂಕ್‌ನ ಪರವೇ ವಾದಿಸುತ್ತಾರೆ. ಕಟಕಟೆಯಲ್ಲಿ ನಿಂತ ಫ್ರಾಂಕ್ ತನ್ನ ಬಚಾವಿನ ದಾರಿಯನ್ನು ತಾನೇ ಕೂಗಿ ಕೆಡಿಸುತ್ತಾನೆ. ಅದೇ ಬರ್ನ್‌ಥಾಲ್ 2017ರಲ್ಲಿ ಸ್ವಂತ ಸರಣಿ ಪಡೆದ. ಯುದ್ಧದಿಂದ ಮರಳಿದ ಸೈನಿಕರ ಒಂಟಿತನದ ಬಗ್ಗೆ ಅಲ್ಲಿ ಒಳ್ಳೆಯ ದೃಶ್ಯಗಳಿವೆ. ಆದರೆ ಎದುರಿಗಿರುವವನು ಭ್ರಷ್ಟ ಸಿಐಎ ಅಧಿಕಾರಿ, ಹಾಗಾಗಿ ಫ್ರಾಂಕ್ ಏನು ಮಾಡಿದರೂ ಸರಿಯೇ ಎನಿಸಿಬಿಡುತ್ತದೆ.

ಸರಿಯೇ ಎನಿಸಿಬಿಡುವ ಈ ಅಪಾಯ ಕಾಮಿಕ್ಸ್ ಪುಟದಾಚೆಗೂ ಇದೆ. ಇರಾಕಿನಲ್ಲಿದ್ದ ಅಮೆರಿಕನ್ ಸೈನಿಕರು ಬುರುಡೆಯನ್ನು ತಮ್ಮ ಕವಚಗಳಿಗೆ ಹಾಕಿಕೊಂಡರು. ಅಲ್ಲಿಂದ ಅದು ಪೊಲೀಸರ ಬಳಿಗೆ ಬಂತು. 2017ರಲ್ಲಿ ಕೆಂಟಕಿಯ ಕ್ಯಾಟ್ಲೆಟ್ಸ್‌ಬರ್ಗ್ ಎಂಬ ಸಣ್ಣ ಊರಿನ ಪೊಲೀಸರು ತಮ್ಮ ಕಾರುಗಳ ಮೇಲೆ ಅಂಟಿಸಿ, ಟೀಕೆ ಬಂದ ಮೇಲೆ ಕಿತ್ತರು. 2021ರ ಜನವರಿ 6ರಂದು ಅಮೆರಿಕದ ಸಂಸತ್ತಿಗೆ ನುಗ್ಗಿದ ಗುಂಪಿನಲ್ಲೂ ಆ ಬುರುಡೆ ಕಂಡಿತು. ಪಾತ್ರವನ್ನು ಸೃಷ್ಟಿಸಿದ ಕಾನ್ವೇ ಇದರಿಂದ ನೊಂದು ಬಹಿರಂಗವಾಗಿ ಮಾತಾಡಿದರು: ಪನಿಷರ್ ಇರುವುದೇ ನ್ಯಾಯವ್ಯವಸ್ಥೆ ಸೋತಿದ್ದಕ್ಕೆ ಗುರುತಾಗಿ, ಆ ವ್ಯವಸ್ಥೆಯ ನೌಕರರೇ ಅವನನ್ನು ಧರಿಸುವುದು ಹೇಗೆ ಎಂಬುದು ಅವರ ವಾದದ ತಿರುಳು. 2020ರಲ್ಲಿ ಅವರು ಯುವ ಕಪ್ಪು ಕಲಾವಿದರೂ ಸೇರಿದಂತೆ ಹಲವರಿಂದ ಬುರುಡೆಯ ಹೊಸ ಚಿತ್ರಗಳನ್ನು ಬರೆಸಿ, ಟೀ ಶರ್ಟ್ ಮಾರಿ, ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಗೆ ಹಣ ಕೂಡಿಸಲು ಹೊರಟರು.

ಗುರುತು ಹೀಗೆ ಕೈತಪ್ಪಿದ್ದು ಹೇಗೆ? ಬುರುಡೆ ಪಯಣಿಸುತ್ತದೆ, ತಾರಸಿ ಪಯಣಿಸುವುದಿಲ್ಲ. ಸ್ಟಿಕರ್ ಮೇಲೆ ಡೇರ್‌ಡೆವಿಲ್‌ಗೆ ಜಾಗವಿಲ್ಲ, ರಿವರ್‌ಡೇಲ್‌ಗಂತೂ ಇಲ್ಲವೇ ಇಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಸಿಗ್ನಲ್ಲಿನಲ್ಲಿ ನಿಂತ ಬೈಕಿನ ಟ್ಯಾಂಕಿನ ಮೇಲೆ ಆ ಬಿಳಿ ಬುರುಡೆಯನ್ನು ನೋಡಿದವರಿರುತ್ತಾರೆ. ಸವಾರನಿಗೆ ಫ್ರಾಂಕ್ ಕ್ಯಾಸಲ್ ಯಾರೆಂದೇ ಗೊತ್ತಿರಲಿಕ್ಕಿಲ್ಲ.

ಮಾರ್ವೆಲ್‌ನವರು ಉತ್ತರ ಕೊಡಲು ಯತ್ನಿಸಿದ್ದು 2019ರ ಒಂದು ಸಂಚಿಕೆಯಲ್ಲಿ. ಇಬ್ಬರು ಪೊಲೀಸರು ಫ್ರಾಂಕ್‌ನನ್ನು ಗುರುತಿಸಿ, ಬಂಧಿಸುವ ಬದಲು ತಾವು ಅವನ ಅಭಿಮಾನಿಗಳೆಂದು ಹೇಳಿಕೊಳ್ಳುತ್ತಾರೆ, ಕಾರಿನ ಮೇಲಿನ ಬುರುಡೆಯ ಸ್ಟಿಕರ್ ತೋರಿಸುತ್ತಾರೆ. ಫ್ರಾಂಕ್ ಅದನ್ನು ಹರಿದು ಹಾಕುತ್ತಾನೆ. ನೀವು ಪ್ರಮಾಣವಚನ ತೆಗೆದುಕೊಂಡವರು, ನಾನದನ್ನು ಎಂದೋ ಬಿಟ್ಟವನು. ನಿಮಗೆ ಮಾದರಿ ಬೇಕಾದರೆ ಕ್ಯಾಪ್ಟನ್ ಅಮೆರಿಕ ಇದ್ದಾನೆ ಎಂಬರ್ಥದ ಮಾತು ಹೇಳಿ ಹೊರಟುಹೋಗುತ್ತಾನೆ. 2025ರ 'ಡೇರ್‌ಡೆವಿಲ್: ಬಾರ್ನ್ ಅಗೇನ್'ನಲ್ಲಿ ಈ ಎಳೆಯೇ ಪರದೆಗೆ ಬಂತು. ಅಲ್ಲಿ ಬುರುಡೆಯ ಗುರುತು ಹೊತ್ತು ನಾಗರಿಕರನ್ನು ಹೊಡೆಯುವವರು ಸರಕಾರಿ ಪೊಲೀಸರೇ. ಬರ್ನ್‌ಥಾಲ್‌ನ ಫ್ರಾಂಕ್ ಗಡ್ಡ ಬಿಟ್ಟುಕೊಂಡು, ನೆಲಮಾಳಿಗೆಯೊಂದರಲ್ಲಿ ಅಡಗಿ ಕುಳಿತಿದ್ದಾನೆ. ಅವನನ್ನು ಹುಡುಕಿಕೊಂಡು ಬರುವವನು ಮತ್ತೆ ಅದೇ ಕುರುಡ ವಕೀಲ, ಅಂಗೈಯಲ್ಲಿ ಬುರುಡೆಯ ಗುರುತಿದ್ದ ಒಂದು ಖಾಲಿ ಕಾಡತೂಸು ಹಿಡಿದು.