ಓಣಿಯೆಲ್ಲ ಕೊಟ್ಟ ಹಳೇ ಬಟ್ಟೆ

ಕೂಸು ಹುಟ್ಟುವ ಮೊದಲು ಅದಕ್ಕೆಂದು ಹೊಸ ಬಟ್ಟೆ ಮನೆಯೊಳಗೆ ತರಬಾರದು ಎಂಬುದು ನಮ್ಮ ಕಡೆ ಗಟ್ಟಿ ನಂಬಿಕೆ. ಹಾಗಂತ ಯಾರೂ ಕೈಕಟ್ಟಿ ಕೂಡುತ್ತಿರಲಿಲ್ಲ. ಹಳೆಯದನ್ನು ಕೂಡಿಸುವುದೇ ದೊಡ್ಡ ಕೆಲಸವಾಗಿತ್ತು. 1986ರ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಬಾಣಂತನಕ್ಕೆ ಗುಲಬರ್ಗಾದ ಗಂಡನ ಮನೆಯಿಂದ ಕಮಲಾಪುರದ ತವರಿಗೆ ಬಂದಳು. ನನಗೆ ಆಗ ಶಾಲೆ ಸೂಟಿ. ಮನೆಮನೆಗೆ ಹೋಗಿ ಹಳೇ ಬಟ್ಟೆ ಕೇಳಿ ತರುವ ಕೆಲಸ ನನ್ನ ಪಾಲಿಗೆ ಬಂತು.

ಯಾರ ಮನೆಯಲ್ಲಿ ಏನು ಕೇಳಬೇಕು ಅನ್ನುವುದನ್ನು ಆಯಿ ಗೊತ್ತು ಮಾಡಿಟ್ಟಿದ್ದಳು. "ಗೌಡರ ಮುತ್ಯಾರದು ಒಂದು ಧೋತ್ರ ಕೇಳಿ ತಗೊಂಡ್ ಬಾ. ತೊಂಬತ್ತು ದಾಟ್ಯಾರ, ಅವರ ಆಯುಷ್ಯ ನಮ್ಮ ಕೂಸಿಗಿ ಹತ್ತಲಿ" ಅನ್ನುತ್ತಿದ್ದಳು. ಮಕ್ಕಳುಮರಿ ತುಂಬಿದ ಮನೆಯ ಹಿರಿಸೊಸೆಯಿಂದ ಒಂದು ನೂಲಿನ ಸೀರೆ. ಎದುರು ಮನೆಯ ಖಾಲಾ ನಾನು ಕೇಳುವ ಮುಂಚೆಯೇ ಮಲ್‌ಮಲ್ ಓಢಣಿಗಳನ್ನು ಮಡಚಿ ಇಟ್ಟಿದ್ದರು. "ಇದು ಭಾಳ ಮೆತ್ತಗ ಅದ, ಮೈಗೆ ಚುಚ್ಚಂಗಿಲ್ಲ" ಅಂತ ನನ್ನ ಕೆನ್ನೆಗೆ ಒತ್ತಿ ತೋರಿಸಿದ್ದು ಇನ್ನೂ ನೆನಪಿದೆ. ಯಾರೂ ಕೊಡುವುದಿಲ್ಲ ಅನ್ನಲಿಲ್ಲ. ಕೊಡುವಾಗ ಅಕ್ಕನಿಗೆ ಎಷ್ಟು ತಿಂಗಳು, ಕಾಲು ಬಾತಿವೆಯೇ, ಹುಳಿ ತಿನ್ನುವ ಬಯಕೆಯೇ ಸಿಹಿಯದೇ ಎಂದು ವಿಚಾರಿಸದೆ ಬಿಡುತ್ತಲೂ ಇರಲಿಲ್ಲ.

ತಂದ ಬಟ್ಟೆಯನ್ನೆಲ್ಲ ಅವ್ವ ದೊಡ್ಡ ಹಂಡೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸಿದಳು. ಕುಳ್ಳಿನ ಒಲೆ, ಕಣ್ಣು ಉರಿಸುವ ಹೊಗೆ. ಕೋಲಿನಿಂದ ಮಗುಚಿ, ಕಲ್ಲಿಗೆ ಬಡಿದು, ಎರಡು ಮೂರು ನೀರಿನಲ್ಲಿ ಹಿಂಡಿ ಮಾಳಿಗೆಯ ಮೇಲೆ ಹರವಿದರೆ ನಮ್ಮೂರ ಮೇ ತಿಂಗಳ ಬಿಸಿಲು ಗಳಿಗೆಯಲ್ಲಿ ಒಣಗಿಸಿಬಿಡುತ್ತಿತ್ತು. ನಲವತ್ತು ಡಿಗ್ರಿ ದಾಟುವ ಆ ಬಿಸಿಲನ್ನು ವರ್ಷವಿಡೀ ಬಯ್ಯುವ ಅವ್ವ ಆಗ ಮಾತ್ರ ಬಯ್ಯಲಿಲ್ಲ. ನೂರಾರು ಸಲ ಒಗೆದು ಗಂಜಿಯೆಲ್ಲ ಹೋಗಿದ್ದ ಆ ನೂಲಿನ ಬಟ್ಟೆಯಷ್ಟು ನೀರು ಹೀರುವಂಥದು, ಎಳೆ ಚರ್ಮಕ್ಕೆ ಒಗ್ಗುವಂಥದು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಆ ನಂಬಿಕೆಯ ಹಿಂದೆ ಹೆಣ್ಣುಮಕ್ಕಳ ಅನುಭವವೇ ಇತ್ತು ಎಂದು ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಒಣಗಿದ್ದರಲ್ಲಿ ಗಟ್ಟಿ ತುಂಡುಗಳು ಕೌದಿಗೆ, ಮೆತ್ತನೆಯವು ಲಂಗೋಟಿಗೆ, ಉದ್ದನೆಯವು ಕೂಸನ್ನು ಸುತ್ತುವುದಕ್ಕೆ. ಕೌದಿ ಹೊಲಿಯಲು ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ನಾಲ್ಕು ಮೂಲೆಗೆ ನಾಲ್ವರು ಕೂಡುತ್ತಿದ್ದರು. ಅಂಚಿನಿಂದ ಹೊರಟ ದಾರ ಒಳಒಳಗೆ ಸುತ್ತುತ್ತ ನಡುವಿಗೆ ಬರಬೇಕು. ನನ್ನ ಹೊಲಿಗೆ ಅಡ್ಡಾದಿಡ್ಡಿಯಾದರೂ ಯಾರೂ ಬಿಚ್ಚಲಿಲ್ಲ. ಅಕ್ಕ ತನ್ನ ಬೆರಳನ್ನು ಅದರ ಮೇಲೆ ಆಡಿಸಿ, "ಇರ್ಲಿ ಬಿಡ್ರಿ, ಸಣ್ಣವ್ವಂದು ಇದು ಅಂತ ಕೂಸಿಗಿ ಗೊತ್ತಾಗಬೇಕಲ್ಲ" ಎಂದಳು. ಆಯಿ ತಾನೊಬ್ಬಳೇ ಮೂಲೆ ಹಿಡಿದು ಅಂಗೈಯಗಲದ ಚೀಲ ಹೊಲಿದು ಸಾಸಿವೆ ತುಂಬುತ್ತಿದ್ದಳು. ಅದು ತಲೆದಿಂಬು. ಕೂಸು ತಲೆ ಹೊರಳಿಸಿದಂತೆ ಸಾಸಿವೆ ಸರಿಯುತ್ತದೆ, ತಲೆ ದುಂಡಗೆ ಕೂಡುತ್ತದೆ ಎಂಬುದು ಅವಳ ನಂಬಿಕೆ. ತುಂಬಿದ್ದು ಹೆಚ್ಚಾದರೆ ದಿಂಬು ಗಟ್ಟಿ, ಕಡಿಮೆಯಾದರೆ ತಲೆ ನೆಲಕ್ಕೆ. ತನ್ನ ಮೊಣಕೈ ಊರಿ ನೋಡಿ, ಒಂದು ಹಿಡಿ ತೆಗೆದು, ಮತ್ತೆ ಅರ್ಧ ಹಿಡಿ ಹಾಕಿ, ಕಡೆಗೆ ಬಾಯಿ ಹೊಲಿದಳು.

ಉಳಿದ ಸಾಮಾನಿಗೆ ಗುಲಬರ್ಗಾಕ್ಕೆ ಹೋಗಬೇಕಿತ್ತು. ಆಗ ಕಮಲಾಪುರಕ್ಕೆ ರೈಲೆಲ್ಲಿ? ಬೀದರ್ ಕಡೆಯ ರೈಲು ನಮ್ಮೂರ ಮೇಲೆ ಓಡಾಡಿದ್ದು 2017ರಲ್ಲಿ. ಹುಮನಾಬಾದ್ ಕಡೆಯಿಂದ ಬರುವ ಕೆಂಪು ಬಸ್ಸು ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ, ಅವ್ವನ ಜೊತೆ ನಾನೂ ಹೋದೆ. ಮೊದಲು ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿ, ಆಮೇಲೆ ಕಿರಾಣಾ ಬಜಾರ. ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಅಳವಿ, ಓಮಿನಕಾಳು, ಬಜೆ, ಜಾಜಿಕಾಯಿ. ಅಂಟನ್ನು ಅವ್ವ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಸ ಕಡ್ಡಿ ಇಲ್ಲದೆ ಜೇನಿನ ಬಣ್ಣಕ್ಕಿದ್ದರೆ ಮಾತ್ರ ತೂಗಿಸುವುದು. ತುಪ್ಪದಲ್ಲಿ ಬಿಟ್ಟರೆ ಜೋಳದ ಅರಳಿನಂತೆ ಅರಳಬೇಕು, ಇಲ್ಲವಾದರೆ ಉಂಡಿ ಬಾಣಂತಿಯ ಹಲ್ಲಿಗೆ ಅಂಟುತ್ತದೆ. ಬಂದೇ ನವಾಜರ ದರ್ಗಾದ ಹತ್ತಿರ ಖಾಲಾ ಹೇಳಿಕಳಿಸಿದ್ದ ಲೋಬಾನವನ್ನೂ ಕೊಂಡೆವು.

ಕಪಡಾ ಬಜಾರಕ್ಕೆ ಹೋಗಲೇ ಇಲ್ಲ. ಕುಂಚಿಗೆಗೆ ಬೇಕಾದ ಗುಳೇದಗುಡ್ಡದ ಖಣಗಳು ಕುಬಸದಲ್ಲೇ ಅಕ್ಕನ ಉಡಿಗೆ ಬಂದಿದ್ದವು. ಉಡಿಯಲ್ಲಿ ಬಂದದ್ದು ಕೊಂಡದ್ದಲ್ಲ, ಹಾಗಾಗಿ ದೋಷವಿಲ್ಲ ಎಂದು ಅವ್ವ ತೀರ್ಮಾನ ಕೊಟ್ಟಿದ್ದಳು. ಆ ಕುಬಸದ ದಿನ ನಮ್ಮೂರ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ಅಪ್ಪ ಬೀಗರ ಮುಂದೆ ಇಳಿಸಿದ್ದ. ದುಬಾರಿ ಹಣ್ಣು, ಹಬ್ಬಕ್ಕೂ ಡಜನ್ ಲೆಕ್ಕದಲ್ಲಿ ತರುತ್ತಿದ್ದವನು!

ಎಲ್ಲವೂ ಸರಿಯಿತ್ತು ಅನ್ನಲಾರೆ. ಕೂಸಿನ ಕಣ್ಣಿಗೆ ಹಚ್ಚಲೆಂದು ಔಡಲೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲಿಟ್ಟು ಕಾಡಿಗೆ ಹಿಡಿದಿದ್ದೆವು. ನೆಕ್ಕಿಸಲು ಜೇನು ಇಟ್ಟಿದ್ದೆವು. ಕೂಸಿನ ಕೋಣೆಗೆ ಹೊಗೆ ಹಾಕಲು ಅಗ್ಗಿಷ್ಟಿಕೆ ಸಿದ್ಧವಿತ್ತು. ಇವು ಮೂರೂ ಬೇಡ, ಆರು ತಿಂಗಳು ತಾಯಿಹಾಲು ಬಿಟ್ಟು ಮತ್ತೇನೂ ಕೊಡಬೇಡಿ ಎಂದು ಈಗಿನ ವೈದ್ಯರು ಹೇಳುತ್ತಾರೆ. ಅವರ ಮಾತೇ ಸರಿ. ಅಕ್ಕನ ಮಗಳ ಬಾಣಂತನದಲ್ಲಿ ಅಕ್ಕನೇ ಮುಂದೆ ನಿಂತು ಕಾಡಿಗೆಯನ್ನು ಅಂಗಾಲಿಗಷ್ಟೇ ಇಟ್ಟಳು.

2007ರಲ್ಲಿ ಸರಕಾರ ಮಡಿಲು ಯೋಜನೆ ತಂದಿತು. ಬಿಪಿಎಲ್ ಮನೆಯ ಹೆಣ್ಣುಮಗಳು ಸರಕಾರಿ ಆಸ್ಪತ್ರೆಯಲ್ಲಿ ಹೆತ್ತರೆ ತಾಯಿ ಮಗುವಿಗೆ ಬೇಕಾದ 19 ಸಾಮಾನಿನ ಕಿಟ್ ಕೊಡುತ್ತಿದ್ದರು. ನಮ್ಮ ಓಣಿಯ ಸೊಸೆಯೊಬ್ಬಳು ಅದನ್ನು ತಂದಾಗ ಅವ್ವ ಒಂದೊಂದೇ ಹೊರತೆಗೆದು ನೋಡಿದಳು. ಸೊಳ್ಳೆಪರದೆ, ರಬ್ಬರ್ ಶೀಟು, ಕೂಸಿನ ಹಾಸಿಗೆ, ಸ್ವೆಟರ್, ಸಾಬೂನು, ಬಾಣಂತಿಗೆ ಹೊಟ್ಟೆ ಕಟ್ಟುವ ಬಟ್ಟೆ ಕೂಡ. "ಹೊಟ್ಟಿ ಕಟ್ಟೋದನ್ನೂ ಮರೆತಿಲ್ಲ ನೋಡು, ತವರಿಲ್ಲದಾಕಿಗಿ ಇದೇ ತವರು" ಎಂದಳು. ಆ ಹುಡುಗಿಗೆ ತಾಯಿ ಇರಲಿಲ್ಲ. ಸಂಜೆಗೆ ಅವ್ವ ನಮ್ಮ ಮನೆಯ ತೊಟ್ಟಿಲನ್ನೂ ಅವಳ ಮನೆಗೆ ಕಳಿಸಿಕೊಟ್ಟಳು.

ಸಾಗವಾನಿಯ ಆ ತೊಟ್ಟಿಲಿಗೆ 1986ರಲ್ಲಿ ಅಪ್ಪ ಕೆಂಪು ಹಸಿರು ಬಣ್ಣ ಹೊಡೆಸಿದ್ದ. ಅಕ್ಕನ ಮಗಳು, ನನ್ನ ಇಬ್ಬರು, ಖಾಲಾನ ಮೊಮ್ಮಕ್ಕಳು ಎಲ್ಲರೂ ಅದರಲ್ಲೇ ಮಲಗಿದವರು. ಈಗ ಮಹಾಗಾಂವದಲ್ಲಿ ಕಾಕಾನ ಮೊಮ್ಮಗಳ ಮನೆಯಲ್ಲಿದೆ. ಬರುವ ದೀಪಾವಳಿ ಹೊತ್ತಿಗೆ ಕಲಬುರಗಿಯಲ್ಲಿ ಅಕ್ಕನ ಮೊಮ್ಮಗಳಿಗೆ ಬೇಕು. ಒಂದು ಕಾಲು ಅಲುಗಾಡುತ್ತದಂತೆ, ಅಷ್ಟರೊಳಗೆ ಬಡಿಗೇರ ಹತ್ತಿರ ಬಿಗಿ ಮಾಡಿಸಬೇಕು.