ಊರಿಗೆ ಹೋಗಿ ಹೋಟೆಲಿನಲ್ಲಿ ತಿಂದದ್ದು

ಮುಂಬಯಿಯಲ್ಲಿರುವ ನಮಗೆ ಊರೆಂದರೆ ಬೆಂಗಳೂರು, ಬೆಂಗಳೂರೆಂದರೆ ಬಸವನಗುಡಿ, ಬಸವನಗುಡಿಯೆಂದರೆ, ಸತ್ಯ ಹೇಳಿಬಿಡುತ್ತೇವೆ, ತಿಂಡಿ. ವರ್ಷಕ್ಕೊಮ್ಮೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ, ಗಾಡಿ ಕಲ್ಯಾಣ ದಾಟುವುದರೊಳಗೆ ನಾವು ಗಂಡಹೆಂಡಿರಿಬ್ಬರೂ ಪಟ್ಟಿ ಮಾಡಲು ಕೂರುತ್ತೇವೆ. ಅದು ನೋಡಬೇಕಾದ ನೆಂಟರ ಪಟ್ಟಿಯಲ್ಲ. ಯಾವ ಹೋಟೆಲಿಗೆ ಯಾವ ದಿನ ರಜ, ಯಾವ ಬೇಕರಿಯಲ್ಲಿ ಯಾವ ಹೊತ್ತಿಗೆ ಬನ್ನು ಬಿಸಿಯಾಗಿರುತ್ತದೆ ಎಂಬ ಪಟ್ಟಿ.

ಮುಂಬಯಿಯಲ್ಲಿ ಇಲ್ಲದ್ದು ಅಲ್ಲೇನಿದೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈ ನಗರಕ್ಕೆ ಇಡ್ಲಿ ದೋಸೆಯ ರುಚಿ ಹತ್ತಿಸಿದವರಲ್ಲಿ ನಮ್ಮ ಕರಾವಳಿಯವರೇ ಮುಂದು. ಮಾಟುಂಗಾ ಸ್ಟೇಷನ್ನಿನ ಬಳಿಯ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತ ಬಂದಿದೆ. ಅಲ್ಲಿ ಬಾಳೆಲೆಯ ಮುಂದೆ ಕುಳಿತಾಗ ಊರ ನೆನಪು ಅರ್ಧ ಹೊಟ್ಟೆ ತುಂಬಿಸುತ್ತದೆ. ಆದರೆ ನಮ್ಮ ಉಪನಗರದ ಬೀದಿಯಲ್ಲಿ ‘ಮೈಸೂರು ಮಸಾಲೆ’ ಎಂದು ಕೇಳಿದರೆ ಬರುವುದು ಎಲೆಕೋಸು, ಬೀಟ್‌ರೂಟು ತುಂಬಿದ ಒಂದು ಕೆಂಪು ಪದಾರ್ಥ. ಮೈಸೂರಿನವರು ಕಂಡರೆ ಗುರುತು ಹಿಡಿಯಲಾರರು. ದೂರುವುದಿಲ್ಲ, ಊರು ಬಿಟ್ಟು ಬಂದ ದೋಸೆಯೂ ನಮ್ಮಂತೆಯೇ ಸುತ್ತಲಿನವರಿಗೆ ಹೊಂದಿಕೊಂಡಿದೆ, ಅಷ್ಟೆ.

ಬೆಂಗಳೂರಿನಲ್ಲಿ ನಾವು ಇಳಿದುಕೊಳ್ಳುವುದು ಅತ್ತಿಗೆಯ ಮನೆಯಲ್ಲಿ. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ಅತ್ತಿಗೆ, ಇನ್ನೊಬ್ಬರಿಗೆ ವಾರಗಿತ್ತಿ. ಇಬ್ಬರೂ ಕರೆಯುವುದು ಅತ್ತಿಗೆಯೆಂದೇ. ಅಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ನಾವು ಹೋಗುವ ಆ ಹದಿನೈದು ದಿನಗಳಿಗಾಗಿಯೇ ಅವರ ಅಡುಗೆಮನೆ ಕಾದಿರುತ್ತದೆ. ಇದನ್ನು ತಿಳಿದೂ ನಾವು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಹೋದವರ್ಷ ಸೋಮವಾರ ಬೆಳಗ್ಗೆ ಮನೆ ತಲುಪಿದೆವು. ಮಂಗಳವಾರ ಬೆಳಗಾಗುತ್ತಲೇ “ಸ್ವಲ್ಪ ವಾಕಿಂಗ್ ಮಾಡಿ ಬರ್ತೀವಿ ಅತ್ತಿಗೆ” ಎಂದು ಹೊರಟವರು ನೆಟ್ಟಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ನಡೆದೆವು. 1943ರಲ್ಲಿ ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆಂದು ತೆರೆದ ಆ ಹೋಟೆಲಿನಲ್ಲಿ ಇಂದು ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ಮೇಜಿಗೆ ಕಾಯುತ್ತಾರೆ. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರ, ಕೆಳಗೆ ಕೈಯುದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿ. ಹೊಂಬಣ್ಣದ ಗರಿಗರಿ ದೋಸೆ, ಅದರ ಮೇಲೆ ಧಾರಾಳವಾಗಿ ಸುರಿಯುವ ತೆಳ್ಳನೆಯ ಕಾಯಿ ಚಟ್ನಿ. ಎರಡೆರಡು ತಿಂದು ಕಾಫಿ ಕುಡಿದು ಮನೆಗೆ ಬಂದರೆ, ಅತ್ತಿಗೆ ಐದು ಗಂಟೆಗೇ ಎದ್ದು ಒತ್ತುಶಾವಿಗೆ ಮಾಡಿಟ್ಟಿದ್ದರು, ಜೊತೆಗೆ ಕಾಯಿಹಾಲು. ಒತ್ತುಶಾವಿಗೆಯ ಒರಳು ಒತ್ತಿದವರಿಗೆ ಗೊತ್ತು ಅದರ ಶ್ರಮ. “ಯಾಕೋ ಹಸಿವೇ ಇಲ್ಲ” ಎಂದೆವು. “ನೀರು ಬದಲಾಯ್ತಲ್ಲ, ಅದಕ್ಕೇ” ಎಂದು ಅವರೇ ಸಮಾಧಾನ ಹೇಳಿದರು.

ಅಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಬುಧವಾರ ‘ಬ್ಯಾಂಕಿನ ಕೆಲಸ’ ನಮ್ಮನ್ನು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿಗೆ ಎಳೆದೊಯ್ದಿತು. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಹಾಕಿದ ಬುನಾದಿ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಬೇಯಿಸಿ ನೋಡಿದ್ದೇ ರವೆ ಇಡ್ಲಿಯಾಯಿತೆಂದು ಆ ಮನೆಯವರು ಹೇಳುತ್ತ ಬಂದಿದ್ದಾರೆ. ಇಲ್ಲದ ಕಾಲದಲ್ಲಿ ಹುಟ್ಟಿದ ತಿಂಡಿಯನ್ನು ನಾವು ಉಳ್ಳ ಕಾಲದಲ್ಲಿ ತುಪ್ಪ ಹಾಕಿಕೊಂಡು ತಿಂದೆವು. ಗುರುವಾರ ಸಂಜೆ ಸಜ್ಜನರಾವ್ ವೃತ್ತದ ಕಡೆಯ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಮೊಟ್ಟೆ ಮುಟ್ಟದೆ ಬ್ರೆಡ್ಡು ಕೇಕು ಮಾಡಿ ಮಡಿವಂತರ ಮನೆಗೂ ಬೇಕರಿಯನ್ನು ತಲುಪಿಸಿದರು. ಆ ಸಾಲಿನಲ್ಲಿ ನಿಂತು ಖಾರಾ ಬನ್ನು, ದಿಲ್‌ಪಸಂದ್, ಕಾಂಗ್ರೆಸ್ ಕಡಲೆಕಾಯಿ ಬೀಜ ಎಲ್ಲವನ್ನೂ ಅಲ್ಲಿಯೇ ಮುಗಿಸಿ, ಬಾಯೊರೆಸಿಕೊಂಡು ಮನೆಗೆ ಬಂದೆವು.

ಆ ರಾತ್ರಿ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಅತ್ತಿಗೆಗೆ ಬಿಲ್ಲುಗಳು ಸಿಕ್ಕವು. ಅವನ್ನು ನೀಟಾಗಿ ಮಡಿಸಿ ಊಟದ ಮೇಜಿನ ಮೇಲಿಟ್ಟು, ಉಪ್ಪಿನಕಾಯಿ ಜಾಡಿಯನ್ನು ಅದರ ಪಕ್ಕಕ್ಕೆ ಸರಿಸಿದರು. ನಮಗೆ ತಲೆಯೆತ್ತಲಾಗಲಿಲ್ಲ.

“ನಿಮ್ಮ ಕೈ ಅಡುಗೆ ಬೇಡ ಅಂತಲ್ಲ ಅತ್ತಿಗೆ, ವರ್ಷಕ್ಕೊಂದು ಸಲ...” ಎಂದು ತೊದಲಿದೆವು.

“ನೀವು ಹೋಗಿದ್ದಕ್ಕೆ ನನಗೇನೂ ಇಲ್ಲ. ಬಾಯಿಮಾತಿಗಾದ್ರೂ ನೀವೂ ಬನ್ನಿ ಅಂದ್ರಾ ನನ್ನ?”

ನಾವು ಎಲ್ಲ ಬಗೆಯ ಕೋಪಕ್ಕೂ ಉತ್ತರ ಹೊಂದಿಸಿಕೊಂಡಿದ್ದೆವು, ಈ ಒಂದು ಮಾತಿಗೆ ಹೊರತು. “ನಾಳೆಯೇ ವಿದ್ಯಾರ್ಥಿ ಭವನಕ್ಕೆ ಹೋಗೋಣ” ಎಂದೆವು.

“ನಾಳೆ ಶುಕ್ರವಾರ, ಅವರಿಗೆ ರಜ” ಎಂದರು ಅತ್ತಿಗೆ.

ಮನೆಯಿಂದ ಕಾಲು ಗಂಟೆಯ ದಾರಿ. ನಲವತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಆ ಹೋಟೆಲಿನ ಒಳಗೆ ಕಾಲಿಟ್ಟಿರಲಿಲ್ಲವೆಂಬುದು ಆಗ ತಿಳಿಯಿತು. ರಜೆಯ ದಿನ ಮಾತ್ರ ಬಾಯಿಪಾಠ. ಅಣ್ಣ ಪ್ರತಿ ಭಾನುವಾರ ಗೆಳೆಯರೊಡನೆ ಹೋಗುವರು. ಬರುವಾಗ ಅತ್ತಿಗೆಗೆ ಒಂದು ದೋಸೆ ಕಟ್ಟಿಸಿಕೊಂಡು ತರುವರು. ನಮ್ಮಣ್ಣ ಕೆಟ್ಟವರಲ್ಲ. ಆ ಕಾಲದಲ್ಲಿ ಹೋಟೆಲುಗಳಲ್ಲಿ ಹೆಂಗಸರಿಗೆ ಪರದೆ ಹಾಕಿದ ‘ಫ್ಯಾಮಿಲಿ ರೂಮು’ ಇದ್ದರೆ ಅದೇ ದೊಡ್ಡದು. ಕಾಲ ಬದಲಾಯಿತು, ಪರದೆ ಹೋಯಿತು. ಆ ಮನೆಯ ಭಾನುವಾರ ಮಾತ್ರ ಹಾಗೆಯೇ ಉಳಿಯಿತು.

ಶನಿವಾರ ಅತ್ತಿಗೆ ಮದುವೆ ಮನೆಗೆ ಉಡುವ ಸೀರೆ ಉಟ್ಟು ಬಂದರು. ಹೊರಗೆ ಅರ್ಧ ಗಂಟೆ ಕಾಯಬೇಕಾಯಿತು. “ಇಷ್ಟು ಹೊತ್ತಿಗೆ ಮನೆಯಲ್ಲಿ ಹತ್ತು ದೋಸೆ ಹುಯ್ಯಬಹುದಿತ್ತು, ನಡೀರಿ” ಎಂದು ಎರಡು ಸಲ ಹೊರಟರು. ಕೊನೆಗೆ ಗುರುತಿಲ್ಲದವರ ಜೊತೆಗೆ ಒಂದು ಮೇಜು ಸಿಕ್ಕಿತು.

“ಏನು ಕೊಡ್ಲಮ್ಮಾ?” ಎಂದು ಮಾಣಿ ಕೇಳಿದ.

ಅತ್ತಿಗೆ ನಮ್ಮ ಮುಖ ನೋಡಿದರು. ಆ ನಲವತ್ತು ವರ್ಷ ‘ಏನು ಮಾಡ್ಲಿ’ ಎಂದು ಎಲ್ಲರನ್ನೂ ಕೇಳಿದವರು ಅವರು. ‘ಏನು ಕೊಡ್ಲಿ’ ಎಂದು ಅವರನ್ನು ಕೇಳಿದವರು ಯಾರಿದ್ದರು? ನಾವು ಉತ್ತರ ಹೇಳದೆ ಸುಮ್ಮನಿದ್ದೆವು. “ಮಸಾಲೆ ದೋಸೆ” ಎಂದರು, ತುಸು ಗಟ್ಟಿಯಾಗಿಯೇ.

ದೋಸೆ ಬಂತು. ಅಂಚು ಮುರಿದಾಗ ಸದ್ದಾಯಿತು. ಅವರು ಕೈ ತಡೆದು ಅದನ್ನೇ ನೋಡಿದರು.

“ಓಹೋ, ಇದು ಹೀಗಿರುತ್ತೋ!” ಎಂದರು. ಒಂದು ತುತ್ತು ತಿಂದು, “ನಿಮ್ಮಣ್ಣ ತರೋ ಹೊತ್ತಿಗೆ ಎಲೆಯಲ್ಲಿ ಬೆವೆತು ಮೆತ್ತಗಾಗಿರೋದು. ಇದರಲ್ಲಿ ಇವರು ಅಂಥಾದ್ದೇನು ಕಂಡರೋ ಅಂತ ಪ್ರತಿ ಭಾನುವಾರ ಅಂದ್ಕೊಳ್ತಿದ್ದೆ. ಚೆನ್ನಾಗಿದೆ ಅಂತ ಸುಳ್ಳು ಹೇಳ್ತಿದ್ದೆ.”

ಕಣ್ಣು ತುಂಬಿತ್ತೋ ಇಲ್ಲವೋ, ನಾವು ಚಟ್ನಿಯ ಕಡೆ ನೋಡುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾಣಿಯನ್ನು ಕರೆದು, “ಇನ್ನೊಂದು” ಎಂದರು.

ಹಿಂತಿರುಗುವಾಗ ಬೇಕರಿಯ ಮುಂದೆ ಆಟೋ ನಿಲ್ಲಿಸಿ, ನಮ್ಮ ರೈಲು ಪ್ರಯಾಣಕ್ಕೆಂದು ಖಾರಾ ಬನ್ನು, ಕಡಲೆಕಾಯಿ ಬೀಜ ಕಟ್ಟಿಸಿದರು. ದುಡ್ಡು ಕೊಡಲು ನಮ್ಮನ್ನು ಬಿಡಲಿಲ್ಲ. ಆ ದಿನ ಮಧ್ಯಾಹ್ನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮರುದಿನ ಒತ್ತುಶಾವಿಗೆಯನ್ನು ನಾವೇ ಒತ್ತಿದೆವು. ಅವರು ಕುರ್ಚಿಯಲ್ಲಿ ಕುಳಿತು ತಪ್ಪು ಹುಡುಕಿದರು. ಬೇಕಾದಷ್ಟು ಸಿಕ್ಕವು.

ಈಗ ಫೋನು ಮಾಡಿದಾಗಲೆಲ್ಲ ಪಕ್ಕದ ಮನೆಯಾಕೆಯ ಜೊತೆ ಎಲ್ಲಿಗೆ ಹೋಗಿದ್ದೆವು, ಏನು ತಿಂದೆವು ಎಂಬ ವರದಿ ಬರುತ್ತದೆ. ಈ ಬಾರಿಯ ಪಟ್ಟಿಯನ್ನು ಅವರೇ ಮಾಡಿಟ್ಟಿದ್ದಾರಂತೆ.

ರಜೆಗೆ ಊರಿಗೆ ಹೊರಡುವ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಹಳೆಯ ಹೋಟೆಲುಗಳ ಪಟ್ಟಿ ಖಂಡಿತ ಮಾಡಿರಿ. ಮನೆಯಿಂದ ಹೊರಡುವ ಮುನ್ನ ಒಮ್ಮೆ ಅಡುಗೆಮನೆಯಲ್ಲಿ ಇಣುಕಿ, “ನೀವೂ ಬನ್ನಿ” ಎನ್ನಿರಿ. ದೋಸೆಯನ್ನು ಮಾತ್ರ ಕಟ್ಟಿಸಿಕೊಂಡು ಬರಬೇಡಿ.